ಈಶ್ವರ ಹಾಕಿದ ಗಂಟು

ರಬಕವಿ
9 ಫೆಬ್ರುವರಿ 2025

ಚಿರಂಜೀವಿ ಪರಮಾನಂದಾ,

ಆರೋಗ್ಯವೇ? ಇಚಲಕರಂಜಿಯ ನೀರು ಈಗಲಾದರೂ ನಿನ್ನ ಹೊಟ್ಟೆಗೆ ಒಗ್ಗಿದೆಯೇ? ಬಿಸಿಲು ಬಂದ ಮೇಲೆ ನಿನ್ನ ಅವ್ವನ ಮಂಡಿನೋವು ಕಡಿಮೆಯಾಗಿದೆ. ಈ ಮನೆಯ ನಂಬರು ಕಂಡರೆ ನೀನು ಫೋನ್ ಎತ್ತುವುದಿಲ್ಲ. ನಿನ್ನ ತಮ್ಮ ಈಶ್ವರ ನನ್ನ ಹಳೆಯ ಕೈಮಗ್ಗವನ್ನು ನಿನಗೆ ಹೇಳದೆ ಬಿಚ್ಚಿ ಒಲೆಗೆ ಹಾಕಿದ ದಿನದಿಂದ ಹೀಗೆ. ಮಗ್ಗ ನನ್ನದು, ಸಿಟ್ಟು ನಿನ್ನದು, ಇರಲಿ. ಕಾಗದವನ್ನಾದರೂ ಓದುತ್ತೀಯೆಂದು ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರ ಈಶ್ವರ ಜಮಖಂಡಿಯಿಂದ ಬೈಕಿನಲ್ಲಿ ಬರುವಾಗ, ಹೊತ್ತು ಮುಳುಗಿದ ಮಬ್ಬಿನಲ್ಲಿ, ರಸ್ತೆಯ ಮೇಲೆ ನಿಲ್ಲಿಸಿದ್ದ ಕಬ್ಬಿನ ಟ್ರಾಲಿಗೆ ಹಾಯ್ದ. ಟ್ರಾಲಿಯ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನಾನು ಹುಡುಗನಾಗಿದ್ದಾಗ ಎತ್ತಿನ ಗಾಡಿಯೂ ಕೆಳಗೆ ಕಂದೀಲು ಕಟ್ಟಿಕೊಂಡು ಹೋಗುತ್ತಿತ್ತು. ಇಲ್ಲದಿದ್ದರೆ ಫೌಜದಾರ ತಡೆಯುತ್ತಿದ್ದ. ಈಗ ಠಾಣೆಗೆ ಅರ್ಜಿ ಒಯ್ದರೆ, ‘ಕಬ್ಬಿನ ಸೀಸನ್ ಮುಗೀಲಿ ತಡೀರಿ ಅಜ್ಜಾರ’ ಎನ್ನುತ್ತಾರೆ. ‘ಸೀಸನ್ ಮುಗದ ಮ್ಯಾಲ ದೀಪ ಯಾರಿಗ್ರಿ, ಕಾಗಿಗೇನ?’ ಎಂದು ಕೇಳಿ ಎದ್ದು ಬಂದೆ.

ಈಶ್ವರನ ಬಲಗೈ ಹೆಗಲಿಂದ ಜೋತುಬಿದ್ದಿತ್ತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. ಮನೆಗೆ ಬಂದಾಗ ಓಣಿಯೆಲ್ಲ ನೆರೆಯಿತು. ನಮ್ಮ ನೇಕಾರರ ಓಣಿಯಲ್ಲಿ ಕೈಯ ಪರೀಕ್ಷೆ ಯಾವುದೆಂದು ನಿನಗೆ ಗೊತ್ತೇ ಇದೆ. ಎದುರುಮನೆಯ ಅನಸವ್ವ ಹರಿದ ನೂಲಿನ ತುದಿಗಳನ್ನು ತಂದು ಅವನ ತೊಡೆಯ ಮೇಲಿಟ್ಟಳು: ‘ಒಂದ್ ಗಂಟ ಹಾಕೋ ಈಶ್ವರಾ, ನೋಡೂಣು.’ ಅವನು ತೊಡೆಯ ಮೇಲೆ ಕೈ ಇಟ್ಟುಕೊಂಡೇ ಬಿಗಿಯಾಗಿ ಗಂಟು ಹಾಕಿದ. ‘ಬೆರಳ ಛಲೋ ಅದಾವ ಬಿಡ್ರಿ, ಹೆಗಲಷ್ಟ ಉಳಕೇತಿ, ಎಣ್ಣಿ ತಿಕ್ರಿ’ ಎಂದು ತೀರ್ಪಾಯಿತು. ಎಲ್ಲರೂ ನಿರಾಳವಾಗಿ ಚಹಾ ಕುಡಿದು ಹೋದರು.

ಕೈ ಏಳಲೇ ಇಲ್ಲ. ಕಳೆದ ವಾರ ಬೆಳಗಾವಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಚಿತ್ರ ಬರೆದು ತೋರಿಸಿದರು. ಬಂದ ಮೇಲೆ ನಾನೂ ಲೈಬ್ರರಿಯಿಂದ ಶರೀರದ ಪುಸ್ತಕ ತಂದು ಓದಿದೆ. ಕುತ್ತಿಗೆಯ ಮಣಿಗಳ ಸಂದಿನಿಂದ ಕೈಗಾಗಿ ಐದು ನರಗಳು ಹೊರಡುತ್ತವೆ. ನೇರವಾಗಿ ಇಳಿಯುವುದಿಲ್ಲ. ಕೂಡಿ ಮೂರಾಗುತ್ತವೆ, ಸೀಳುತ್ತವೆ, ಬೇರೆ ಜೊತೆ ಹಿಡಿದು ಮತ್ತೆ ಕೂಡುತ್ತವೆ, ಆಮೇಲೆ ಹೆಗಲು, ಮೊಳಕೈ, ಬೆರಳಿಗೆ ಹಂಚಿಹೋಗುತ್ತವೆ. ಕಾಲಿಗೂ ಸೊಂಟದಲ್ಲಿ ಇಂಥದೇ ಜಾಲವಿದೆ. ಆ ಐದರಲ್ಲಿ ಮೇಲಿನ ಎರಡು ನರ ಹರಿದರೆ, ಈಶ್ವರನಿಗೆ ಆದಂತೆ, ಹೆಗಲು ಏಳದು, ಮೊಳಕೈ ಮಡಚದು. ಕೆಳಗಿನವು ಗಟ್ಟಿಯಿದ್ದರೆ ಬೆರಳು ಆಡುತ್ತಲೇ ಇರುತ್ತವೆ. ಆ ಗಂಟು ಹೇಳಿದ್ದು ಕೆಳಗಿನ ನರಗಳ ಸುದ್ದಿಯನ್ನು ಮಾತ್ರ. ನಾವು ಅದನ್ನೇ ಇಡೀ ಕೈಯ ಸುದ್ದಿಯೆಂದು ತಿಳಿದು ಮೂರು ತಿಂಗಳು ಎಣ್ಣೆ ತಿಕ್ಕಿದೆವು.

ಕಾಲಿನ ಸಣ್ಣ ನರವೊಂದನ್ನು ತೆಗೆದು ಹರಿದಲ್ಲಿ ಕೂಡಿಸುತ್ತಾರಂತೆ. ಈಗಲೇ ಮಾಡಿದರೆ ಮೊಳಕೈ ಮಡಚುವ ಆಸೆಯಿದೆ. ನರ ಬಹಳ ನಿಧಾನ ಬೆಳೆಯುತ್ತದೆ, ತಡವಾದರೆ ಅದು ಮುಟ್ಟುವ ಮೊದಲೇ ಸ್ನಾಯು ಒಣಗುತ್ತದೆ. ನಿನ್ನ ತಮ್ಮ ಮಾತ್ರ, ‘ಎಳಿ ಹರದರ ಯಾವಾಗ ಬೇಕಾದ್ರೂ ಗಂಟ ಹಾಕಬಹುದಲ್ಲಪ್ಪಾ, ಅವಸರ ಏನೈತಿ?’ ಎನ್ನುತ್ತಾನೆ. ‘ಮಗ್ಗದಾಗಿನ ಎಳಿ ಕಾಯ್ತೇತಿ. ನಿನ್ನ ಮೈ ಮಗ್ಗ ಅಲ್ಲಲೇ’ ಎಂದೆ. ಎದ್ದು ಹೊರಗೆ ಹೋದ. ಅವನಿಗೆ ಹೆದರಿಕೆ, ನನಗೆ ಗೊತ್ತು.

ಸೊಸೆ ಪ್ರೀತಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಶಿದ್ರಾಮಪ್ಪ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಈಶ್ವರ ಒಳಗೆ ಬಂದ. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಲಿಲ್ಲ. ‘ಅಣ್ಣ ಬಾಗಲದಾಗ ಕುಂತಿದ್ರ ಆಪರೇಶನ್‌ಗೆ ಮಲಗತೀನಿ ಅಂತ ಬರಿ’ ಎಂದು ಹೇಳಿ ಹೋದ. ಡಾಕ್ಟರು ಕೊಟ್ಟ ದಿನ ಇದೇ ಹದಿನೇಳನೇ ತಾರೀಖು, ಸೋಮವಾರ, ಬೆಳಗಾವಿ. ಸಿಟ್ಟನ್ನು ಜೊತೆಗೇ ತಂದರೂ ಸರಿ, ಬಾ.