ನೀವು ಓದದೆ ದಾಟಿಸಿದ ಪುಟ

ಬಾರಿಯೊ
ನವೆಂಬರ್ 14, ಶುಕ್ರವಾರ ಬೆಳಗ್ಗೆ

ಪ್ರೀತಿಯ ಲುಗುನ್‌ನ ಅಪ್ಪನಿಗೆ,

ಹೇಗಿದ್ದೀರಿ? ಬಲಗೈಗೆ ಸ್ವಲ್ಪವಾದರೂ ಹಿಡಿತ ಬಂತೆ? ಗಂಜಿ ನುಂಗುವಾಗ ಕೆಮ್ಮು ಬರುತ್ತಿತ್ತಲ್ಲ, ಕಡಿಮೆಯಾಯಿತೆ? ಮಿರಿ ಪೇಟೆಯ ಸೆಖೆ ನಿಮಗೆ ಆಗುವುದಿಲ್ಲ; ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಕುತ್ತಿಗೆ ಒರೆಸಲು ಸೊಸೆಗೆ ಹೇಳಿದ್ದೇನೆ. ಭಾನುವಾರ ಮಗ ಲುಗುನ್ ಫೋನನ್ನು ನಿಮ್ಮ ಕಿವಿಗಿಟ್ಟಾಗ ನನಗೆ ನಿಮ್ಮ ಉಸಿರು ಮಾತ್ರ ಕೇಳಿಸಿತು. ಎಮ್ಮೆ ಕರು ಹಾಕಿದ ಸುದ್ದಿಯಷ್ಟೇ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾಲಿಗೆ ತಿರುಗದಿದ್ದರೂ ನಿಮ್ಮ ಕಣ್ಣು, ತಿಳಿವಳಿಕೆ ಮೊದಲಿನಂತೆಯೇ ಇವೆ ಎಂದು ಡಾಕ್ಟರು ಹೇಳಿದರಂತೆ. ನೀವೇ ಓದಿಕೊಳ್ಳಿ, ಲುಗುನ್ ಕೈಗೆ ಕೊಡಬೇಡಿ. ಪಾಸ್ಟರ್ ಅಗನ್ ಇವತ್ತಿನ ವಿಮಾನಕ್ಕೆ ಹೊರಟಿದ್ದಾರೆ, ಅವರ ಹತ್ತಿರ ಕೊಟ್ಟು ಕಳಿಸುತ್ತೇನೆ. ಜೊತೆಗೆ ನಮ್ಮ ಉಪ್ಪುನೀರಿನ ಬುಗ್ಗೆಯ ಉಪ್ಪು ಸ್ವಲ್ಪ ಇಟ್ಟಿದ್ದೇನೆ. ಪೇಟೆಯ ಉಪ್ಪು ನಿಮಗೆ ರುಚಿಸದು.

ಇಲ್ಲಿ ಎಲ್ಲರೂ ಕ್ಷೇಮ. ಭತ್ತ ಮೊಣಕಾಲು ದಾಟಿದೆ. ಮಂಜು ಈ ವರ್ಷ ಬೇಗ ಏಳುವುದೇ ಇಲ್ಲ. ಗದ್ದೆಯಿಂದ ಹೊರಟು ಮೆಟ್ಟಿಲು ಹತ್ತಿ ನಮ್ಮ ಒಲೆಯ ತನಕ ಬಂದು ಕೂರುತ್ತದೆ. ನೀವು ಹೋದ ಮೊದಲ ವಾರ ನಾನು ಬೆಳಗ್ಗೆ ಎದ್ದು ಒಲೆ ಹಚ್ಚಿ ಸುಮ್ಮನೆ ಕೂತಿರುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಆ ಹೊತ್ತಿಗೆ ನಿಮ್ಮ ದನಿ ಕೇಳಿ ಅಭ್ಯಾಸ. ನೀವು ಬೈಬಲ್ ಓದುವುದು, ನಾನು ಅನ್ನವನ್ನು ಎಲೆಯಲ್ಲಿ ಕಟ್ಟುವುದು, ಕೊನೆಗೆ ಇಬ್ಬರೂ ಆಮೆನ್ ಅನ್ನುವುದು. ದನಿಯಿಲ್ಲದ ಮನೆಯಲ್ಲಿ ಅನ್ನವೂ ಬೇಯುವುದಿಲ್ಲವೇನೋ ಅನಿಸಿತು. ಎಂಟನೆಯ ದಿನ ಪುಸ್ತಕ ಇಳಿಸಿದೆ. ನೀವು ಗರಿ ಇಟ್ಟು ನಿಲ್ಲಿಸಿದ್ದ ಜಾಗದಿಂದ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದೆ. ನಾಲ್ಕನೆಯ ತರಗತಿಗೇ ಬಿಟ್ಟವಳ ಓದು ಹೇಗಿರುತ್ತದೆ, ನಿಮಗೆ ಗೊತ್ತು. ಹಲಗೆ ಗೋಡೆಯಾಚೆಯಿಂದ ಪಕ್ಕದ ಮನೆಯ ಸಿನ ಮುದಾ ಸುಮ್ಮನಿರುತ್ತಾಳೆಯೆ? "ನಿನ್ ಗಂಡ ಓದಿದ್ರೆ ಹೊಳೆ ಹರಿದಂಗಿರೋದು ಕಣೇ. ನೀನು ಓದೋದು ಕೆಸರಲ್ಲಿ ಎಮ್ಮೆ ಕಾಲು ಕಿತ್ತಂಗೈತೆ!" ಎಂದಳು. ಆದರೂ ಮರುದಿನ ಚಹಾ ಹಿಡಿದುಕೊಂಡು ಕೇಳಲು ಬಂದು ಕೂತಳು. ಈಗ ದಿನಾ ಬರುತ್ತಾಳೆ.

ನಿಮಗೊಂದು ಮಾತು ಹೇಳಲೆ? ನಿಧಾನವಾಗಿ ಓದಿದರೆ ಊರುಗಳು ಹತ್ತಿರ ಬರುತ್ತವೆ. ನೀವು ಓದುತ್ತಿದ್ದಾಗ ಅವೆಲ್ಲ ಬೆಟ್ಟದಾಚೆ ಇದ್ದವು. ಈಗ ಯೊರ್ದನ್ ಹೊಳೆ ನಮ್ಮ ಹಿಂದಿನ ಹೊಳೆಯೇ ಆಗಿದೆ, ಅದರ ನೀರು ನನ್ನ ಹಿಮ್ಮಡಿಗೆ ತಣ್ಣಗೆ ತಾಗುತ್ತದೆ. ದಾವೀದ ಕುರಿ ಬಿಟ್ಟು ಎಮ್ಮೆ ಕಾಯುತ್ತಾನೆ. ಓದು ಮುಗಿಸಿ ಗದ್ದೆಗೆ ಇಳಿದರೆ ಮಂಜಿನೊಳಗೆ ಯಾರೋ ಮುಂದೆ ಮುಂದೆ ನಡೆದ ಹಾಗೆ, ನಾನು ಅವರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟ ಹಾಗೆ. ಯಾರೆಂದು ಕೇಳಬೇಕು ಅನಿಸುವುದಿಲ್ಲ.

ಹೀಗೆ ಸಮುವೇಲನ ಎರಡನೆಯ ಪುಸ್ತಕಕ್ಕೆ ಬಂದೆ. ಮಿಕ್ಕ ಹಾಳೆಗಳೆಲ್ಲ ಹೊಗೆ ಕುಡಿದು ಕಂದಿವೆ. ಒಂದು ಕಡೆ ಮಾತ್ರ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಬಿಳುಪಾಗಿಯೇ ಇದ್ದವು. ಚಾಕುವಿನ ತುದಿಯಿಂದ ಬಿಡಿಸಿದೆ. ದಾವೀದನ ಮಗು ಕಾಯಿಲೆ ಬಿದ್ದ ಅಧ್ಯಾಯ. ಅವನು ಏಳು ದಿನ ಊಟ ಬಿಟ್ಟು ನೆಲದ ಮೇಲೆ ಬಿದ್ದಿರುತ್ತಾನೆ. ಮಗು ಹೋಗಿಬಿಡುತ್ತದೆ. ಹೇಳಲು ಆಳುಗಳಿಗೆ ಧೈರ್ಯವಿಲ್ಲ, ಅವರ ಪಿಸುಮಾತಿನಿಂದಲೇ ಅವನಿಗೆ ತಿಳಿಯುತ್ತದೆ. ಎದ್ದು ಸ್ನಾನ ಮಾಡಿ, ದೇವರ ಮನೆಗೆ ಹೋಗಿ ಬಂದು, ಊಟ ಮಾಡುತ್ತಾನೆ. ನಾನು ಅದರ ಬಳಿಗೆ ಹೋಗುವೆನೇ ಹೊರತು ಅದು ನನ್ನ ಬಳಿಗೆ ಬಾರದು ಅನ್ನುತ್ತಾನೆ. ಇಷ್ಟು ವರ್ಷ ಕೇಳಿದ ನನಗೆ ಈ ಕಥೆ ಗೊತ್ತೇ ಇರಲಿಲ್ಲ! ಸಿನ ಮುದಾಳ ಮುಖ ನೋಡಿದೆ. ಅವಳು ಚಹಾ ಕೆಳಗಿಟ್ಟಳು. "ಹಳೇ ಪಾಸ್ಟರ್ ಇದನ್ನ ಪ್ರಸಂಗ ಮಾಡೋ ದಿನ ನಿನ್ ಗಂಡ 'ಎಮ್ಮೆ ಗದ್ದೆಗೆ ನುಗ್ಗೈತೆ, ಬಾರೇ' ಅಂತ ನಿನ್ನ ಎಬ್ಬಿಸ್ಕೊಂಡು ಹೋಗ್ಲಿಲ್ವಾ? ಯಾವ ಎಮ್ಮೆನೂ ನುಗ್ಗಿಲ್ಲ ಅಂತ ನಮಗೆಲ್ಲ ಗೊತ್ತಿತ್ತು" ಎಂದಳು.

ಮೊದಲು ಸಿಟ್ಟು ಬಂತು. ನಮ್ಮ ಮಗಳು ಸುಪಾಂಗ್ ಹೋಗಿ ಇಪ್ಪತ್ತೊಂಬತ್ತು ವರ್ಷ. ನಾನು ಏನು ತಡೆದುಕೊಳ್ಳಬಲ್ಲೆ, ಏನು ತಡೆದುಕೊಳ್ಳಲಾರೆ ಎಂದು ನೀವೊಬ್ಬರೇ ತೀರ್ಮಾನ ಮಾಡಿಕೊಂಡಿರಾ? ಆಮೇಲೆ ಅಂಚಿನಲ್ಲಿ ನಿಮ್ಮ ಪೆನ್ಸಿಲ್ ಅಕ್ಷರ ಕಂಡಿತು. ತಂದೆಯ ತಪ್ಪಿಗೆ ಮಗು ಸಾಯುವುದೆಂದು ಪ್ರವಾದಿ ಹೇಳುವ ಸಾಲಿನ ಪಕ್ಕ ಒಂದೇ ಮಾತು: 'ನನ್ನಿಂದಲೇ?'

ಒಲೆಯ ಮೇಲೆ ಅನ್ನ ಸೀದುಹೋಯಿತು.

ಆ ಮೂರು ದಿನಗಳ ಬಗ್ಗೆ ನಾವು ಯಾವತ್ತೂ ಬಾಯಿಬಿಟ್ಟು ಮಾತಾಡಿಕೊಂಡಿಲ್ಲ. ಮೂರು ವರ್ಷದ ಕೂಸಿಗೆ ಮೈ ಸುಡುವ ಜ್ವರ, ಮೇಲೆ ಮೋಡ ಗೋಡೆಯ ಹಾಗೆ. ಆಸ್ಪತ್ರೆಗೆ ಕರೆದೊಯ್ಯಬೇಕಿದ್ದ ವಿಮಾನದ ಸದ್ದು ಕೇಳುತ್ತಿತ್ತು. ಸುತ್ತು ಹೊಡೆದು, ಇಳಿಯಲಾರದೆ, ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ನಾನು ವಿಮಾನದ ಬಯಲಿಗೆ ಕಾಲಿಟ್ಟಿರಲಿಲ್ಲ. ನಿಮ್ಮನ್ನು ಸ್ಟ್ರೆಚರಿನಲ್ಲಿ ಹತ್ತಿಸುವಾಗಲೂ ಬೇಲಿಯಾಚೆಯೇ ನಿಂತೆನಲ್ಲ, ಅದನ್ನು ಕ್ಷಮಿಸಿ. ದೇವರ ಜೊತೆಗೂ ನಾನು ಆವತ್ತೇ ಮಾತು ಬಿಟ್ಟಿದ್ದೆ. ನಿಮ್ಮ ಪಕ್ಕ ಕೂತು ಹೇಳಿದ ಆಮೆನ್ ಎಲ್ಲ ಬರೀ ಬಾಯಿಯದು. ಆ ಪುಟ ಓದಿದ ದಿನ ಗದ್ದೆಯ ಬದುವಿನ ಮೇಲೆ ನಿಂತು ಅವನನ್ನು ಬೈದೆ. ಹೊಟ್ಟೆ ತಣ್ಣಗಾಗುವಷ್ಟು ಬೈದೆ. ಬೈದು ಮುಗಿದ ಮೇಲೆ ಅಲ್ಲಿಯೇ ಇದ್ದಾನೆ ಅನಿಸಿತು, ಮಂಜಿನಷ್ಟು ಹತ್ತಿರ. ಅದು ನನ್ನ ಮೊದಲ ಪ್ರಾರ್ಥನೆ ಎಂದು ಈಗ ತಿಳಿಯುತ್ತಿದೆ.

ಊರಿಗೆ ಹಿಂದಿರುಗುವ ಮಾತೆತ್ತಿದರೆ ನೀವು ಬೇಡವೆಂದು ತಲೆಯಾಡಿಸಿ ಗೋಡೆಗೆ ತಿರುಗುತ್ತೀರಂತೆ. ನಾಲಿಗೆ ಬಿದ್ದುಹೋದದ್ದೂ ಶಿಕ್ಷೆ ಎಂದುಕೊಂಡಿದ್ದೀರಲ್ಲವೆ? ನಿಮ್ಮನ್ನು ನಾನು ಬಲ್ಲೆ. ಹುಟ್ಟುಕುರುಡನ ಕಥೆ ನೀವು ನನಗೆ ಎಷ್ಟು ಸಲ ಓದಿದ್ದೀರಿ! ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಯೇಸು ಹೇಳಿದ್ದನ್ನು ನಿಮ್ಮ ಬಾಯಿಂದಲೇ ನಾನು ಕೇಳಿದ್ದೇನೆ. ಓದುವವರಿಗೆ ತಮ್ಮ ದನಿ ಕೇಳಿಸುವುದಿಲ್ಲವೇನೋ. ಇನ್ನು ನಾನು ಓದುತ್ತೇನೆ, ನೀವು ಕೇಳಿ. ಕೆಸರಿನ ಎಮ್ಮೆಯ ಓದೇ ಆದರೂ ಆ ಪುಟವನ್ನೂ ಬಿಡದೆ ಓದುತ್ತೇನೆ.

ಮಗ, ಸೊಸೆಗೆ ನನ್ನ ಆಶೀರ್ವಾದ. ಸಿನ ಮುದಾ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದಳು. ನಮ್ಮನ್ನು ಕಾಯುವವನು ನಿಮ್ಮ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿರಲಿ.

ನಿಮ್ಮ
ರಿನಾಯ್

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಪಾಸ್ಟರ್ ಮೆಟ್ಟಿಲ ಬಳಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಎರಡನೆಯ ದಿನ ಸುಪಾಂಗ್‌ಳನ್ನು ಹೊತ್ತು ಕಾಡುದಾರಿಯಲ್ಲಿ ನಡೆದೇ ಹೋಗುತ್ತೇನೆಂದು ನೀವು ಬುಟ್ಟಿಗೆ ಹಗ್ಗ ಬಿಗಿದಿದ್ದಿರಿ. ಅದನ್ನು ಬಿಚ್ಚಿದವಳು ನಾನು. "ಹೋಗ್ಬೇಡಿ, ನಾಳೆ ಮೋಡ ಬಿಡುತ್ತೆ" ಅಂದವಳು ನಾನು. ಮಣ್ಣು ಮಾಡಿದ ದಿನ ನೀವು ಎಲ್ಲರೆದುರು "ಮೋಡ ಬಿಡ್ಲಿ ಅಂತ ನಾನೇ ಕಾಯಿಸ್ದೆ" ಅಂದಿರಿ. ನಾನು ತಲೆ ತಗ್ಗಿಸಿಕೊಂಡು ಸುಮ್ಮನಿದ್ದೆ. ನನ್ನನ್ನು ಉಳಿಸಲು ಹೇಳಿದ ಮಾತನ್ನು ಹೇಳುತ್ತ ಹೇಳುತ್ತ ನೀವೇ ನಂಬಿಬಿಟ್ಟಿರಿ, ನಾನು ನಂಬಲು ಬಿಟ್ಟೆ. ನಿಮ್ಮಿಂದಲ್ಲ. ಬಹುಶಃ ನನ್ನಿಂದಲೂ ಅಲ್ಲ. ಅದನ್ನು ಇಬ್ಬರೂ ಕೂತು ಓದಿ ನೋಡೋಣ. ಬುಧವಾರದ ವಿಮಾನಕ್ಕೆ ನಿನ್ನೆ ಹೆಸರು ಬರೆಸಿ ಬಂದೆ. ಸಣ್ಣ ವಿಮಾನವಲ್ಲವೆ, ತೂಕ ಕೇಳಿದರು, ಎರಡು ಕಿಲೋ ಕಡಿಮೆ ಹೇಳಿದೆ, ದೇವರು ಕ್ಷಮಿಸಲಿ. ನಿಮ್ಮನ್ನು ಕರೆದುಕೊಂಡೇ ಹಿಂದಿರುಗುವುದು. ಮೋಡವಿದ್ದರೆ ಗುರುವಾರ, ಗುರುವಾರವೂ ಇದ್ದರೆ ಶುಕ್ರವಾರ. ಬಂದೇ ಬರುತ್ತೇನೆ.