ಚರಗ ತಪ್ಪಿದ ವರ್ಷ

ಗಂಗಕ್ಕನಿಗೆ, ನಿನ್ನ ತಮ್ಮ ಬಸ್ಯಾ ಮಾಡುವ ಶರಣು.

ನಗಬೇಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಪತ್ರ ಬರೆಯುತ್ತಿದ್ದೇನೆ. ನೀನಿದ್ದಾಗ ಒಂದು ಸಾಲೂ ಬರೆಯಲಿಲ್ಲ, ಬರೆದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ. ಈಗ ಅಲ್ಲಿ ಯಾರಾದರೂ ಕಲಿತವರು ಪಕ್ಕದಲ್ಲಿರಬಹುದು, ಓದಿಸಿಕೋ. ನನ್ನ ಮಿರ್ಚಿ ಗಾಡಿ ಇನ್ನೂ ಬ್ಯಾಡಗಿಯಲ್ಲೇ ಇದೆ, ಮೆಣಸಿನಕಾಯಿ ಮಾರುಕಟ್ಟೆಯ ಎದುರಿಗೆ. ಇಲ್ಲಿ ಒಂದು ಅನುಕೂಲ. ಕಣ್ಣಲ್ಲಿ ನೀರು ಬಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ, ಘಾಟು ಬಡಿಯಿತು ಅಂದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ಸೀಗಿ ಹುಣ್ಣಿಮೆಯ ದಿನ ನೀನು ಬುಟ್ಟಿ ಹೊತ್ತು ಮುಂದೆ, ನಾನು ತಂಬಿಗೆ ಹಿಡಿದು ಹಿಂದೆ. ಊರವರೆಲ್ಲ ತಮ್ಮ ತಮ್ಮ ಹೊಲಕ್ಕೆ ಹೋಗಿ, ಭೂಮಿತಾಯಿ ಬಸುರಿ ಎಂದು ಬಯಕೆಯ ಊಟವನ್ನು ಚರಗ ಚೆಲ್ಲಿ ಬರುತ್ತಿದ್ದರು. ನಮಗೆ ಹೊಲ ಎಲ್ಲಿತ್ತು? ಅವ್ವನ ಕಾಲದಿಂದಲೂ ನಮ್ಮ ಮನೆಯ ಚರಗ ಊರ ಹಿಂದಿನ ಗುಡ್ಡಕ್ಕೆ. ಮುಂಗಾರು ಬಿದ್ದಲ್ಲಿಂದ ಆ ದಿನದವರೆಗೆ ಗುಡ್ಡಕ್ಕೆ ಒಂದು ಆಡು, ಒಂದು ಕುರಿ ಹತ್ತುವಂತಿರಲಿಲ್ಲ. ಬದು, ಹಳ್ಳದ ದಂಡೆ ಮೇಯಿಸಿಕೊಂಡು ಕಾಯಬೇಕು. ನೀನು ಚರಗ ಚೆಲ್ಲಿ ಇಳಿದ ಮೇಲೆ ಗುಡ್ಡ ಬಾಗಿಲು ತೆರೆದಂತೆ. ಅಷ್ಟು ಹೊತ್ತಿಗೆ ಕರಡ ಹುಲ್ಲು ಬೀಜ ಉದುರಿಸಿ ಮುಗಿಸಿರುತ್ತಿತ್ತು. ದೊಡ್ಡ ಹಿಂಡಿನ ಫಕ್ಕೀರಪ್ಪ ಒಂದು ವರ್ಷ ಅವಸರ ಮಾಡಿದ್ದಕ್ಕೆ ನೀನು ಹೇಳಿದ್ದು ಇಂದಿಗೂ ಊರಲ್ಲಿ ಚಾಲ್ತಿಯಲ್ಲಿದೆ: "ಬಸುರಿ ಮೈ ತುಳೀತಿಯೇನೋ ಫಕ್ಕೀರ? ಬೀಜ ಉದುರಲಿ. ಆಮ್ಯಾಲ ನಿನ್ನ ಕುರಿ ಜೋಡಿ ನೀನೂ ಮೇಯಿವಂತಿ."

ನಿನ್ನದೇ ಆಡು ಕೆಂಪಿ ಒಮ್ಮೆ ಹಗ್ಗ ಹರಿದುಕೊಂಡು ಗುಡ್ಡ ಹತ್ತಿತ್ತಲ್ಲ? ನೀನು ಅದನ್ನು ಎಳೆದು ತಂದು ಹನಮಪ್ಪನ ಗುಡಿಯ ಮುಂದೆ ಕಟ್ಟಿದೆ. ಸಂಜೆವರೆಗೂ ಅದಕ್ಕೆ ಮೇವಿಲ್ಲ, ನಿನಗೂ ಊಟವಿಲ್ಲ. ಆಡಿಗೆ ಜೇಲು ಮಾಡಿದ ಮೊದಲ ಊರು ನಮ್ಮದು ಎಂದು ನಾನು ಎಲ್ಲರನ್ನೂ ನಗಿಸುತ್ತ ತಿರುಗಿದೆ. ನೀನು ಮಾತ್ರ ನಗಲಿಲ್ಲ. ಮಂದಿಗೆ ಹೇಳುವ ಬಾಯಿ ಮೊದಲು ತನ್ನ ಹಟ್ಟಿಗೆ ಹೇಳಬೇಕು ಎಂದೆ. ಆ ಮಾತಿನ ತೂಕ ನನಗೆ ಆಗ ಎಲ್ಲಿ ಗೊತ್ತಾಗಬೇಕು...

ನೀನು ಹೋದದ್ದು ಕಾರಹುಣ್ಣಿಮೆಗೆ ಮೊದಲು, ಮೊದಲ ಮಳೆ ಬಿದ್ದ ವಾರ. ಮನೆಯಲ್ಲಿ ಸಾವಾಗಿದೆ, ವರ್ಷ ತುಂಬುವವರೆಗೆ ಹಬ್ಬವಿಲ್ಲ ಎಂದು ಹಿರಿಯರು ಹೇಳಿದರು. ನಿನ್ನ ಮಗಳು ರೇಣವ್ವ ಒಪ್ಪಿಕೊಂಡಳು, ನಾನೂ ತಲೆಯಾಡಿಸಿದೆ. ಪದ್ಧತಿ ಅಲ್ಲವೇ? ಹಬ್ಬವಿಲ್ಲ ಎಂದ ಮೇಲೆ ಚರಗವೂ ಇಲ್ಲ. ಚರಗವಿಲ್ಲ ಎಂದ ಮೇಲೆ ಗುಡ್ಡಕ್ಕೆ ಈ ವರ್ಷ ತಡೆ ಎಲ್ಲಿಯದು ಎಂದು ಯಾರೋ ಕಟ್ಟೆಯ ಮೇಲೆ ಕೇಳಿದರಂತೆ. ಪಂಚಮಿಯ ಹೊತ್ತಿಗೆ ಹಿಂಡುಗಳು ಹತ್ತಿದವು. ಕೆಟ್ಟವರು ಯಾರೂ ಅಲ್ಲ ಅಕ್ಕಾ. ನಮ್ಮ ಮನೆಯ ಮುಂದೆ ಹಾಯುವಾಗ, ದುಃಖದ ಮನೆ ಎಂದು ಕುರಿಗಳ ಕೊರಳ ಗಂಟೆ ಬಿಚ್ಚಿ ಒಯ್ಯುತ್ತಿದ್ದರು. ಅಷ್ಟು ಮರ್ಯಾದೆ ನಿನಗೆ. ಗಂಟೆ ಇಲ್ಲದ್ದಕ್ಕೆ ನಮಗೂ ಬಹಳ ದಿನ ಗೊತ್ತಾಗಲಿಲ್ಲ. ಗೊತ್ತಾದಾಗ ಹುಲ್ಲು ತೆನೆಗೆ ಬರುವ ಮೊದಲೇ ಬುಡಕ್ಕೆ ಹೋಗಿತ್ತು. ಮೇವಿಲ್ಲದೆ ಬ್ಯಾ ಎನ್ನುತ್ತಿದ್ದ ನಿನ್ನ ಆಡುಗಳನ್ನೂ ರೇಣವ್ವ ಆಮೇಲೆ ಹತ್ತಿಸಿದಳು. ಪಾಪ, ಅವಳಾದರೂ ಏನು ಮಾಡಿಯಾಳು?

ಮರುವರ್ಷ ನಾನೇ ಬುಟ್ಟಿ ಹೊತ್ತು ಹೋಗಿ ಚರಗ ಚೆಲ್ಲಿದೆ. ಬರಿಗಲ್ಲಿನ ಮೇಲೆ ಅನ್ನ ಬಿದ್ದ ಸದ್ದು ಕೇಳಿದ್ದೀಯಾ? ಹಿಂಡುಗಳು ನನಗಿಂತ ಮೊದಲೇ ಗುಡ್ಡದಲ್ಲಿದ್ದವು. ಒಮ್ಮೆ ಮುರಿದದ್ದನ್ನು ಯಾರು ಕಾಯುತ್ತಾರೆ? ಹುಲ್ಲು ತೀರಿದ ಮೇಲೆ ಬೇವು, ಬನ್ನಿ ಯಾವುದನ್ನೂ ಬಿಡದೆ ತೊಪ್ಪಲು ಕಡಿದು ಹಾಕಿದರು. ಕಡಿದ ಟೊಂಗೆ ಒಲೆಗೆ ಹೋಯಿತು. ಮಣ್ಣು ಹಿಡಿಯಲು ಬೇರಿಲ್ಲದೆ ಒಂದೊಂದು ಮಳೆಗೂ ಗುಡ್ಡ ಇಳಿದು ಕೆರೆಗೆ ಬಂತು. ಕೆರೆಯ ನೀರು ನೋಡಿದರೆ ನನ್ನ ಗಾಡಿಯ ಚಹಾ ವಾಸಿ, ಅಷ್ಟು ರಾಡಿ. ನಸುಕಿನಲ್ಲಿ ಕೂಗುತ್ತಿದ್ದ ಕೌಜುಗದ ಹಕ್ಕಿ ಎತ್ತ ಹೋಯಿತೋ. ಆಮೇಲೆ ಟ್ರ್ಯಾಕ್ಟರುಗಳು ಬಂದವು. ಹೇಗೂ ಬೋಳು ಗುಡ್ಡ, ಯಾರಿಗೆ ಬೇಕು ಎಂದು ರಸ್ತೆಗೆ ಹಾಕಲು ಗರಸು ಮಣ್ಣು ಅಗೆಯತೊಡಗಿದರು. ಹಸಿರಿದ್ದಾಗ ಒಂದು ಸಲಿಕೆ ಹಾಕಲು ಅಂಜುತ್ತಿದ್ದ ಮಂದಿ ಅಕ್ಕಾ. ಬೋಳಾದದ್ದನ್ನು ಕಂಡರೆ ಕೈಗೆ ಅದೆಲ್ಲಿಯ ಧೈರ್ಯ ಬರುತ್ತದೆ?

ಈ ವರ್ಷ ಬೇಸಿಗೆ ಮುಗಿಯುವ ಮೊದಲು ನಾನು ಫಕ್ಕೀರಪ್ಪನ ಹಟ್ಟಿಗೆ ಹೋದೆ. ಮೂರು ಮಳೆಗಾಲ ಗುಡ್ಡ ಬಿಟ್ಟುಕೊಡು, ನೀನು ಬಿಟ್ಟರೆ ಉಳಿದವರೂ ಬಿಡುತ್ತಾರೆ ಎಂದು ಕೇಳಿದೆ. ಮೊದಲು ನಗಿಸಿದೆ, ಆಮೇಲೆ ಬೇಡಿದೆ. ಅವನು ಬೀಡಿ ಆರಿಸಿ ನಿಧಾನಕ್ಕೆ ಹೇಳಿದ.

"ಬಸಣ್ಣ, ನಿಮ್ಮಕ್ಕನ ಆಡು ಇವತ್ತೂ ಗುಡ್ಡದಾಗ ಅದಾವು. ಮೊದಲ ಅವನ್ನ ಇಳಿಸು, ಆಮ್ಯಾಲ ನನ್ನ ಕೇಳು. ನನಗೂ ಹೊಟ್ಟಿ ಐತಿ."

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡವನು ನಾನು. ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ.

ರೇಣವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬಂದು ಒಲೆಯ ಮುಂದೆ ಕುಳಿತು ನಡೆದದ್ದು ಹೇಳಿದೆ. ಆಡು ಬಿಟ್ಟರೆ ಅವಳಿಗೆ ಬದುಕಿಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು ವರ್ಷ ಕಟ್ಟಿ ಮೇಯಿಸಲು ಮೇವು ಎಲ್ಲಿಂದ ತರುವುದು? ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಮೇಲೆ, ಹಂಚು ನೋಡುತ್ತಲೇ, "ಮಾಮಾ, ಮಾರೂಣು," ಎಂದಳು. "ಅವ್ವ ಇದ್ದಿದ್ದರ ಈಟೊತ್ತಿಗೆ ಮಾರಿರ್ತಿದ್ಲು."

ಹಾವೇರಿಯ ಸಂತೆಗೆ ನಾನೇ ಹೊಡೆದುಕೊಂಡು ಹೋದೆ. ರೇಣವ್ವ ಊರಬಾಗಿಲ ಅಗಸಿಯವರೆಗೆ ಬಂದು ನಿಂತಳು. ನೀನು ಏನು ಕೇಳುತ್ತೀ ಎಂದು ಗೊತ್ತಿದೆ: ಸಾಕುವವರಿಗೆ ಕೊಟ್ಟೆಯೋ, ಕೊಯ್ಯುವವರಿಗೋ? ಕೆಂಪಿಯ ಮೊಮ್ಮಗಳು, ಎರಡು ಗಬ್ಬದ ಆಡು, ಇಷ್ಟನ್ನು ಮೇಡ್ಲೇರಿ ಕಡೆಯ ಒಬ್ಬ ರೈತ ಸಾಕಲು ಒಯ್ದ. ಅಲ್ಲಿ ಹೊಳೆ ಇದೆ, ಮೇವಿದೆ. ಉಳಿದವು... ಬೇಸಿಗೆಯಲ್ಲಿ ಸಾಕಲು ಯಾರು ಕೊಳ್ಳುತ್ತಾರೆ ಅಕ್ಕಾ. ನಿನಗೆ ಸುಳ್ಳು ಹೇಳಲಾರೆ, ಅದಕ್ಕೇ ಸಾಲು ಅರ್ಧಕ್ಕೆ ಬಿಟ್ಟಿದ್ದೇನೆ.

ರೇಣವ್ವ ಈಗ ರಾಣೆಬೆನ್ನೂರಿನ ಕಡೆ ಬೀಜದ ಪ್ಲಾಟಿಗೆ ಕೂಲಿ ಹೋಗುತ್ತಾಳೆ, ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ. ಬೆಳಿಗ್ಗೆ ಎದ್ದವಳು ಕಾಲಿನ ರೂಢಿಗೆ ಹಟ್ಟಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಒಮ್ಮೊಮ್ಮೆ ಖಾಲಿ ಹಟ್ಟಿಯನ್ನೇ ಗುಡಿಸುತ್ತಾಳೆ. ನಾನು ನೋಡಿಯೂ ನೋಡದಂತೆ ಹೋಗುತ್ತೇನೆ.

ಫಕ್ಕೀರಪ್ಪ ಮಾತಿಗೆ ತಪ್ಪಲಿಲ್ಲ. ಸಂತೆಯ ಮರುದಿನ ಅವನ ಕುರಿ ಇಳಿದವು. ಮುಂಗಾರು ಬಿದ್ದೊಡನೆ ಹಿಂಡು ಕಟ್ಟಿಕೊಂಡು ಪರಸ್ಥಳಕ್ಕೆ ಹೋದ, ಹೋಗುವಾಗ ನನಗೆ ಹೇಳಲೂ ಇಲ್ಲ, ಬಯ್ಯಲೂ ಇಲ್ಲ. ಅವನನ್ನು ನೋಡಿ ಉಳಿದವರೂ ಇಳಿಸಿದರು. ಆಚೆ ಮಗ್ಗುಲಿಗೆ ಟ್ರ್ಯಾಕ್ಟರುಗಳು ಈಗಲೂ ಬರುತ್ತವೆ. ಅದರ ವಿರುದ್ಧ ಅರ್ಜಿ ಕೊಟ್ಟು ಬಂದಿದ್ದೇವೆ, ಕಚೇರಿಗೆ ತಿರುಗಾಡುತ್ತಿದ್ದೇವೆ. ಮೊನ್ನೆ ಸೀಗಿ ಹುಣ್ಣಿಮೆಗೆ ರೇಣವ್ವನ ಜೊತೆ ಹತ್ತಿ ನೋಡಿದೆ. ಹುಲ್ಲು ಬಂತು ಎಂದು ಬರೆಯುವ ಆಸೆ ಇತ್ತು. ಕವಳಿ ಕಂಟಿಗಳ ಮುಳ್ಳಿನ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಇದೆ, ಅಷ್ಟೇ. ಅದರ ಬುಡಕ್ಕೇ ಚರಗ ಚೆಲ್ಲಿದೆ.

ಇಳಿಯುವಾಗ ರೇಣವ್ವನಿಂದ ಮಾತು ತೆಗೆದುಕೊಂಡಿದ್ದೇನೆ. ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾರೇ ಸಾಯಲಿ, ಗುಡ್ಡದ ಚರಗ ಮಾತ್ರ ತಪ್ಪಬಾರದು. ಹಾಗೆಲ್ಲ ಮಾತಾಡಬೇಡ ಎಂದು ಅವಳು ಕಣ್ಣೊರೆಸಿಕೊಂಡಳು. ಹಬ್ಬದ ದಿನವೇ ನಾನು ಸತ್ತರೂ ಅಷ್ಟೇ ಎಂದೆ.

"ಮೊದಲ ಗುಡ್ಡಕ್ಕ ಹೋಗಿ ಬಾರವಾ. ಹೆಣ ಎಲ್ಲಿಗೂ ಹೋಗೂದಿಲ್ಲ, ಕಾಯ್ತೈತಿ. ಹುಲ್ಲು ಕಾಯೂದಿಲ್ಲ."