ಅಲ್ಲಿ ಮಾತ್ರ ಚೆನ್ನಾಗಿದ್ದೀನಿ ಅನ್ನಬೇಡ

ನನ್ನ ದಾರದುಂಡೆಗೆ,

ಅತ್ತೆ ಇದೇನು ಕಾಗದ ಬರೆದಿದ್ದಾಳೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ಹೇಳಿದರೆ "ಹೂಂ, ಹೂಂ" ಅಂದು ಜಾರಿಕೊಳ್ಳುತ್ತೀಯ. ನನ್ನ ಹೊಲಿಗೆ ಅಂಗಡಿಯ ನೆಲದ ಮೇಲೆ ಉರುಳಾಡಿ ಬೆಳೆದವಳು ನೀನು, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಸೋಮವಾರ ನೋವಿನ ಕ್ಲಿನಿಕ್ಕಿಗೆ ಬರುವುದಿಲ್ಲ ಅಂತ ಹಟ ಹಿಡಿದಿದ್ದೀಯಂತೆ. "ಅಲ್ಲೂ ಏನಿಲ್ಲ ಅಂತಾರೆ, ಯಾಕೆ ಬರ್ಲಿ?" ಅಂದೆಯಂತೆ. ತಪ್ಪೇನಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಶಾಲೆಯ ಮೆಟ್ಟಿಲಲ್ಲಿ ಕಾಲು ಉಳುಕಿ ವರ್ಷವಾಗುತ್ತ ಬಂತು. ಬಾವು ಇಳಿಯಿತು, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಆದರೂ ಹೊದಿಕೆ ತಾಗಿದರೆ ಸಾಕು, ಪಾದ ಉರಿಯುತ್ತದೆ. "ಪರೀಕ್ಷೆ ಹತ್ರ ಬಂದ್ರೆ ಇವಳಿಗೆ ನೋವೂ ಬರತ್ತೆ" ಅಂತ ನಿನ್ನ ಸೋದರಮಾವ ಅಂದದ್ದು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಆ ಮಹಾಶಯನ ಹಲ್ಲುನೋವು ಇಡೀ ಬೀದಿಗೆ ಗೊತ್ತಾಗಿತ್ತಲ್ಲ!

ಆದರೆ ಏನಿಲ್ಲ ಅಂದು ಕಳಿಸಿದ ಹಿಂದಿನ ಡಾಕ್ಟರ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ ಕಣೇ. ನಾನೂ ಅಲ್ಲೇ ಕೂತಿದ್ದೆ. ಅವರು ಒಳಗೆ ಬಂದರು, ನೀನು ಥಟ್ಟನೆ ಎದ್ದು ನಿಂತೆ. ದೊಡ್ಡವರು ಬಂದಾಗ ಕೂತಿರಬಾರದು ಅಂತ ನಿನ್ನ ತಾತ ನಮ್ಮೆಲ್ಲರಿಗೂ ರೂಢಿ ಮಾಡಿಸಿದ್ದರು. ಅದೇ ಕಾಲಿನ ಮೇಲೆ ಭಾರ ಬಿಟ್ಟು, ಹಲ್ಲು ಕಚ್ಚಿ, ನಗುತ್ತ ನಿಂತೆ. "ಹೇಗಿದೀಯಮ್ಮ?" ಅಂದರೆ "ಚೆನ್ನಾಗಿದೀನಿ ಸರ್" ಅಂದೆ. ಉಳಿದದ್ದನ್ನೆಲ್ಲ ನಿಮ್ಮಮ್ಮ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಡಾಕ್ಟರು ನಗುತ್ತಿದ್ದ ಹುಡುಗಿಯನ್ನು ನಂಬಿದರು, ಅಳುತ್ತಿದ್ದ ತಾಯಿಯನ್ನು ನಂಬಲಿಲ್ಲ.

ಈ ಕ್ಲಿನಿಕ್ಕಿನಲ್ಲಿ ಹಾಗಲ್ಲ. ಬೆನ್ನುನೋವಿಗೆ ನಾನೇ ಅಲ್ಲಿಗೆ ಹೋಗಿ ಬಂದವಳು, ಕೇಳು. ಕಾಯುವ ಕೋಣೆಯಲ್ಲಿ ಯಾರೂ ನೆಟ್ಟಗೆ ಕೂತಿರುವುದಿಲ್ಲ. ಒಬ್ಬರು ಗೋಡೆಗೆ ಒರಗಿರುತ್ತಾರೆ, ಇನ್ನೊಬ್ಬರು ಅತ್ತಿಂದಿತ್ತ ಓಡಾಡುತ್ತಿರುತ್ತಾರೆ. ನೀನು ಕಾಲನ್ನು ಕುರ್ಚಿಯ ಮೇಲೆ ಚಾಚಿದರೂ ಯಾರೂ ಕೆಕ್ಕರಿಸಿ ನೋಡುವುದಿಲ್ಲ. ಒಳಗೆ ಡಾಕ್ಟರಮ್ಮ ಒಬ್ಬರೇ ಅಲ್ಲ, ವ್ಯಾಯಾಮ ಹೇಳಿಕೊಡುವವರು ಒಬ್ಬರು, ಮನಸ್ಸಿನ ಮಾತು ಕೇಳುವವರು ಇನ್ನೊಬ್ಬರು. ಮನಸ್ಸಿನವರು ಯಾಕೆ, ನನಗೇನು ತಲೆ ಕೆಟ್ಟಿದೆಯಾ ಅಂತ ಮೂತಿ ತಿರುವಬೇಡ. ನಾನೂ ತಿರುವಿದ್ದೆ. ನಿದ್ದೆಗೆಟ್ಟವಳ ಜೊತೆ ಒಬ್ಬರು ಕೂತು ಮಾತಾಡಿದರೆ ಎಷ್ಟು ಹಗುರಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮನುಷ್ಯನ ಆಕಾರದ ಒಂದು ಚಿತ್ರ ಕೊಟ್ಟು ನೋವಿರುವ ಕಡೆ ಬಣ್ಣ ತುಂಬು ಅನ್ನುತ್ತಾರೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಕೇಳುತ್ತಾರೆ. ಉರಿಯೋ, ಚುಚ್ಚುವುದೋ, ಸೆಳೆತವೋ, ನಿದ್ದೆ ಬರುತ್ತದೋ, ಗೆಳತಿಯರ ಜೊತೆ ಹೊರಗೆ ಹೋಗಿ ಎಷ್ಟು ದಿನವಾಯಿತು, ಎಲ್ಲ ಕೇಳುತ್ತಾರೆ. ಪಾದ ಮುಟ್ಟುವ ಮೊದಲು "ಮುಟ್ಲಾ?" ಅನ್ನುತ್ತಾರೆ. ನೀನು ಬೇಡ ಅಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಗಾಯ ವಾಸಿಯಾದರೂ ನರಗಳು ಬೊಬ್ಬೆ ಹಾಕುವುದನ್ನು ನಿಲ್ಲಿಸದೆ ಇರಬಹುದಂತೆ. ಬಟ್ಟೆ ತೆಗೆದ ಮೇಲೂ ಪೆಡಲ್ ಒತ್ತಿಕೊಂಡೇ ಇದ್ದರೆ ನನ್ನ ಮಿಷನ್ನು ಓಡುತ್ತಲೇ ಇರುತ್ತದಲ್ಲ, ಹಾಗೆ ಅಂದುಕೋ. ಅದು ನಾಟಕವಲ್ಲ, ನೋವೇ.

ಒಂದೇ ದಿನಕ್ಕೆ ಎಲ್ಲ ಮಾಯವಾಗುತ್ತದೆ ಅಂತ ನಾನು ಸುಳ್ಳು ಹೇಳಲಾರೆ. ಮಾತ್ರೆ ಕೊಟ್ಟರೂ ಕೊಡಬಹುದು, ಕೊಡದೆಯೂ ಇರಬಹುದು. ದಿನಾ ಇಷ್ಟಿಷ್ಟೇ ನಡೆ ಅನ್ನುತ್ತಾರೆ. ಚೆನ್ನಾಗಿರುವ ದಿನ ಊರೆಲ್ಲ ಸುತ್ತಿ ಮಾರನೇ ದಿನ ಮಲಗಬೇಡ ಅಂತ ಗದರುತ್ತಾರೆ. ನನಗೆ ಈಗಲೂ ಬೆನ್ನು ನೋಯುತ್ತದೆ, ಆದರೆ ಮೊದಲಿನ ಹಾಗೆ ನನ್ನನ್ನು ಆಳುವುದಿಲ್ಲ. ಅಂಗಡಿ ನಡೆಸುತ್ತೇನೆ, ನಗುತ್ತೇನೆ, ನಿನಗೆ ಬೈಯುತ್ತೇನೆ.

ಸ್ವಲ್ಪ ಹೊತ್ತು ಅಮ್ಮನಿಗೆ ಹೊರಗೆ ಕೂರಿ ಅನ್ನುತ್ತಾರೆ. ನನ್ನ ಜೊತೆ ಬಂದಿದ್ದ ನಿಮ್ಮಪ್ಪನನ್ನೂ ಹಾಗೇ ಕಳಿಸಿದ್ದರು, ನನ್ನ ಬೆನ್ನಿನ ವಿಷಯ ಅವನೇ ಮಾತಾಡುತ್ತಿದ್ದನಲ್ಲ! ಆಗ ನಿನ್ನ ಬಾಯಿಂದಲೇ ಮಾತು ಬರಬೇಕು. ಅಲ್ಲೂ ನಗುತ್ತ "ಚೆನ್ನಾಗಿದೀನಿ" ಅಂದುಬಿಡುತ್ತೀಯೇನೋ ಅಂತಲೇ ನನಗೆ ಭಯ. ಹಾಗಂದರೆ ಅವರು ತಾನೇ ಏನು ಮಾಡಿಯಾರು?

ಅಮ್ಮ ಅಳುತ್ತಾಳೆ ಅಂತ ತಾನೇ ನೀನು ನುಂಗಿಕೊಳ್ಳುವುದು? ಮೊನ್ನೆ ಅಂಗಡಿಗೆ ಬಂದು ಅತ್ತಿಗೆ ಏನಂದಳು ಗೊತ್ತೇ? "ಅವಳು ನೋಯ್ತಿದೆ ಅಂದಾಗ ತಡ್ಕೋತೀನಿ. ಚೆನ್ನಾಗಿದೀನಿ ಅಂತಾಳಲ್ಲ, ಅದನ್ನ ನನ್ ಕೈಲಿ ತಡ್ಕೊಳೋಕಾಗಲ್ಲ." ಆಮೇಲೆ ನಾವಿಬ್ಬರೂ ಅಲ್ಲೇ ಕೂತು ಅತ್ತೆವು.

ಅದಕ್ಕೇ ಸೋಮವಾರ ಅಂಗಡಿ ಮುಚ್ಚಿ ನಾನೂ ಬರುತ್ತೇನೆ. ಬಾಗಿಲ ಹೊರಗೆ ಅತ್ತಿಗೆಯ ಕೈ ಹಿಡಿದು ಕೂತಿರುತ್ತೇನೆ. ನೀನು ಒಳಗೆ ಅಳು, ರೇಗು, ಅಯ್ಯೋ ಅನ್ನು. ಹೊರಗಿನವರಿಗೆ ಕೇಳಿಸೀತು ಅಂತ ತಡೆದುಕೊಳ್ಳಬೇಡ ಮಗಳೇ. ಕೇಳಿಸಿಕೊಳ್ಳುವುದಕ್ಕೇ ನಾವು ಅಲ್ಲಿ ಕೂತಿರುವುದು.

ನಿನ್ನ ಪಾದ ತಣ್ಣಗಾಗಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನನ್ನು ಪೂರ್ತಿ ನಂಬುವ,
ಅತ್ತೆ